ದಿನಕ್ಕೊಂದು ಕಗ್ಗ

ಡಿ.ವಿ. ಗುಂಡಪ್ಪನವರ ‘ಮಂಕುತಿಮ್ಮನ ಕಗ್ಗ’ದಲ್ಲಿ 945 ಪದ್ಯಗಳಿವೆ, ಒಂದೊಂದಕ್ಕೂ ನಾಲ್ಕೇ ಸಾಲು. ಶಿವಮೊಗ್ಗದಲ್ಲಿರುವ ಅಪ್ಪನಿಗೆ ಕಣ್ಣು ಮಂದವಾಗಿ ಓದು ನಿಂತಾಗ, ಇಡೀ ಪುಸ್ತಕವನ್ನು ಫೋನಿನಲ್ಲೇ ಓದಿ ಹೇಳಬೇಕೆನಿಸಿತು. ದಿನಕ್ಕೆ ಹತ್ತರಂತೆ ಓದಿದರೆ ಮೂರು ತಿಂಗಳು ಸಾಕು. ಆದರೆ ಮುಂಬೈ ಲೋಕಲ್‌ನಲ್ಲಿ ನಿಂತೇ ಡೊಂಬಿವಲಿ ತಲುಪುವವಳಿಗೆ ರಾತ್ರಿ ಹತ್ತು ಪದ್ಯ ಭಾರವೇ. ಒಂದು ಸಾಕೆಂದುಕೊಂಡೆ. ಆಗ ಬೇಕಾಗುವುದು ಎರಡು ವರ್ಷ ಏಳು ತಿಂಗಳು.

ದೊಡ್ಡ ಗುರಿಯನ್ನು ಚಿಕ್ಕದಾಗಿ ಒಡೆಯಿರಿ ಎಂದು ಎಲ್ಲರೂ ಹೇಳುತ್ತಾರೆ. ಎಷ್ಟು ಚಿಕ್ಕದು? ನನ್ನದು ಎರಡೇ ಅಳತೆ. ತೀರಾ ದಣಿದ ದಿನವೂ ಆಗುವಷ್ಟು ಚಿಕ್ಕದಿರಬೇಕು. ಅಲ್ಲಿಗೇ ನಿಂತುಹೋದರೂ ಕೈಗೆ ಏನಾದರೂ ದಕ್ಕಿರಬೇಕು. ಅರ್ಧ ಕಟ್ಟಿದ ಮನೆಯಲ್ಲಿ ವಾಸ ಮಾಡಲಾಗದು; ಕಗ್ಗದ ಒಂದು ಪದ್ಯ ತನ್ನಷ್ಟಕ್ಕೇ ಪೂರ್ಣ.

ಈಗ 212ಕ್ಕೆ ಬಂದಿದ್ದೇವೆ. ಮೊದಲು ನಮ್ಮ ಮಾತು ‘ಊಟ ಆಯ್ತಾ, ಮಾತ್ರೆ ತಗೊಂಡ್ರಾ’ ಎನ್ನುವಲ್ಲಿಗೆ ಮುಗಿಯುತ್ತಿತ್ತು. ಈಗ ಒಂದು ಪದದ ಅರ್ಥಕ್ಕಾಗಿ ಅಪ್ಪ ಇಪ್ಪತ್ತು ನಿಮಿಷ ವಾದಿಸುತ್ತಾರೆ. ಅವರಿಗೆ 81 ವರ್ಷ. 945 ಮುಟ್ಟುತ್ತೇವೋ ಇಲ್ಲವೋ, ಇಬ್ಬರೂ ಆ ಮಾತೆತ್ತುವುದಿಲ್ಲ. ನಾಳೆ 213.