ತೆರೆಯ ಮೇಲಣ ಕರಿಯ ಪಟ್ಟಿ

ವ್ಯಾಧಿಯು ಒಂದು ಅಂಗದಲ್ಲಿ ತೋರಿಕೊಂಡು, ಅದರ ಮೂಲವು ಬೇರೊಂದು ಅಂಗದಲ್ಲಿ ಅಡಗಿರುವುದು ವೈದ್ಯರಿಗೆ ಹೊಸದಾದ ಸಂಗತಿಯಲ್ಲ. ಆದಕಾರಣವೇ ಮಾಧವನಿದಾನವೇ ಮೊದಲಾದ ವೈದ್ಯಗ್ರಂಥಗಳು ರೋಗವನ್ನು ಅರಿಯುವುದಕ್ಕೆ ನಿದಾನ, ಪೂರ್ವರೂಪ, ರೂಪ, ಉಪಶಯ, ಸಂಪ್ರಾಪ್ತಿ ಎಂಬ ಐದು ದಾರಿಗಳನ್ನು ಹೇಳಿವೆ. ಇವುಗಳಲ್ಲಿ ಉಪಶಯವೆಂಬುದು ವಿಶೇಷವಾದುದು. ರೋಗವು ಗೂಢವಾಗಿರುವಾಗ ಒಂದು ಔಷಧವನ್ನೋ ಪಥ್ಯವನ್ನೋ ಕೊಟ್ಟು ನೋಡಿ, ಅದರಿಂದ ಶಮನವಾಯಿತೋ ಉಲ್ಬಣಿಸಿತೋ ಎಂಬುದರ ಮೇಲೆ ರೋಗದ ಸ್ವರೂಪವನ್ನು ನಿಶ್ಚಯಿಸುವ ಕ್ರಮವದು. ತರ್ಕಶಾಸ್ತ್ರದವರು ಹೇಳುವ ಅನ್ವಯ-ವ್ಯತಿರೇಕಗಳು ಇದಕ್ಕೆ ಬಹಳ ಸಮೀಪವಾದುವು. ಯಾವುದು ಇದ್ದರೆ ಕಾರ್ಯವು ಇರುವುದೋ, ಯಾವುದು ಇಲ್ಲದಿದ್ದರೆ ಕಾರ್ಯವೂ ಇಲ್ಲವಾಗುವುದೋ, ಅದನ್ನು ಕಾರಣವೆಂದು ತಿಳಿಯತಕ್ಕದ್ದು. ಪಾಠಶಾಲೆಯಲ್ಲಿ ಹೊಗೆ-ಬೆಂಕಿಗಳ ಉದಾಹರಣೆಯಿಂದ ಕಲಿಸುವ ಈ ಪಾಠವು, ಮನೆಯ ಗೋಡೆಯ ಮೇಲೆ ಚಿತ್ರವನ್ನು ತೋರಿಸುವ ಯಂತ್ರದ ದೋಷಪರಿಹಾರಕ್ಕೂ ಸಲ್ಲುವುದೆಂಬುದನ್ನು ಶ್ರೀನಿವಾಸಪುರದ ಒಂದು ಮನೆಯವರು ಕಂಡುಕೊಂಡರು.

ಕೋಲಾರ ಸೀಮೆಗೆ ವಿದ್ಯುಚ್ಛಕ್ತಿಯು ಹಳೆಯ ನಂಟು. 1902ರ ಜೂನ್ ತಿಂಗಳಲ್ಲಿ ಕಾವೇರಿಯ ಶಿವನಸಮುದ್ರದಿಂದ ಸುಮಾರು 92 ಮೈಲಿ ದೂರ ತಂತಿಯ ಮೇಲೆ ಹರಿದು ಬಂದ ಶಕ್ತಿಯು ಕೋಲಾರದ ಚಿನ್ನದ ಗಣಿಗಳಿಗೆ ಮುಟ್ಟಿತು. ಅಷ್ಟು ಉದ್ದದ ಮಾರ್ಗವು ಆ ಕಾಲಕ್ಕೆ ಪ್ರಪಂಚದಲ್ಲಿಯೇ ವಿರಳವಾಗಿತ್ತು. ಬೆಂಗಳೂರಿನ ಬೀದಿಗಳು ವಿದ್ಯುದ್ದೀಪವನ್ನು ಕಂಡದ್ದು 1905ರಲ್ಲಿ. ಗಣಿಗೆ ಬಂದ ಮೂರು ವರ್ಷಗಳ ತರುವಾಯ. ಗಣಿಗಳು 2001ರಲ್ಲಿ ಮುಚ್ಚಿಹೋದುವು. ವಿದ್ಯುತ್ತಾದರೋ ಅಡಿಗೆಯ ಮನೆಯನ್ನೂ ದೇವರ ಮನೆಯನ್ನೂ ಬಿಡದೆ ಹೊಕ್ಕಿತು. ಒಂದೊಂದು ಮನೆಯ ಗೋಡೆಯೊಳಗೂ ಈಗ ಹತ್ತಾರು ತಂತಿಗಳು ಒಂದರ ಪಕ್ಕದಲ್ಲೊಂದು ಮಲಗಿರುವುವು.

ಹೀಗೆ ಮಲಗಿರುವ ತಂತಿಗಳು ಒಂದರ ಸುದ್ದಿಗೊಂದು ಹೋಗದೆ ಇರುವುವೆಂದು ಭಾವಿಸಬಾರದು. ತಂತಿಯಲ್ಲಿ ವಿದ್ಯುತ್ತು ಹರಿದರೆ ಬಳಿಯಲ್ಲಿರುವ ಅಯಸ್ಕಾಂತದ ಮುಳ್ಳು ತಿರುಗುವುದೆಂಬುದನ್ನು ಡೆನ್ಮಾರ್ಕಿನ ಅರ್ಸ್ಟೆಡ್ 1820ರಲ್ಲಿ ಪ್ರಕಟಿಸಿದನು. ಅಯಸ್ಕಾಂತದ ಬಲವು ಹೆಚ್ಚುಕಡಮೆಯಾದರೆ ಬಳಿಯ ತಂತಿಯಲ್ಲಿ ವಿದ್ಯುತ್ತು ಹುಟ್ಟುವುದೆಂಬುದನ್ನು ಇಂಗ್ಲೆಂಡಿನ ಫ್ಯಾರಡೆ 1831ರಲ್ಲಿ ತೋರಿಸಿದನು. ಈ ಎರಡನ್ನು ಕೂಡಿಸಿದರೆ, ಒಂದು ತಂತಿಯ ಏರಿಳಿತವು ಮುಟ್ಟದೆಯೇ ಮತ್ತೊಂದು ತಂತಿಯಲ್ಲಿ ಏರಿಳಿತವನ್ನುಂಟುಮಾಡುವುದೆಂದು ಸಿದ್ಧವಾಗುವುದು. ಮೊದಲು ಇದರ ಉಪದ್ರವವನ್ನು ಅನುಭವಿಸಿದವರು ಟೆಲಿಫೋನಿನವರು. ಗ್ರಹಾಂ ಬೆಲ್ಲನು 1881ರಲ್ಲಿ ಎರಡು ತಂತಿಗಳನ್ನು ಒಂದಕ್ಕೊಂದು ಹೊಸೆದು ಬಿಡುವ ಉಪಾಯಕ್ಕೆ ಹಕ್ಕುಪತ್ರವನ್ನು ಪಡೆದನು. ಹೊಸೆದ ತಂತಿಗಳೆರಡಕ್ಕೂ ಹೊರಗಿನ ಗಲಭೆಯು ಸಮನಾಗಿ ತಾಗುವುದರಿಂದ, ಎರಡರ ವ್ಯತ್ಯಾಸವನ್ನು ಮಾತ್ರ ನೋಡುವ ಯಂತ್ರಕ್ಕೆ ಗಲಭೆಯು ಕಾಣದೆ ಹೋಗುವುದು. ಈಗಿನ ಎಚ್.ಡಿ.ಎಂ.ಐ. ಕೇಬಲಿನೊಳಗೆ ಜೋಡಿಜೋಡಿಯಾಗಿ ಹೊಸೆದಿರುವ ಎಳೆಗಳು ಬೆಲ್ಲನ ಆ ಉಪಾಯದ ಮೊಮ್ಮಕ್ಕಳೇ ಸರಿ.

ಶ್ರೀನಿವಾಸಪುರದ ಆ ಮನೆಯು ಮಾವಿನ ತೋಟವುಳ್ಳವರದು. ಮನೆಯ ಹಿರಿಯರು ಗಮಕಿಗಳಾಗಿದ್ದರು. ಒಂದು ವರ್ಷದ ರಾಮನವಮಿಯಲ್ಲಿ ಅವರು ಕುಮಾರವ್ಯಾಸಭಾರತವನ್ನು ವಾಚಿಸಿದ್ದನ್ನು ಯಾರೋ ವೀಡಿಯೋ ಕ್ಯಾಸೆಟ್ಟಿನಲ್ಲಿ ಹಿಡಿದಿದ್ದರು. ತರುವಾಯ ಅವರು ಬಹುಕಾಲ ಬದುಕಲಿಲ್ಲ. ಆ ಕಂಠವು ಈ ಲೋಕದಲ್ಲಿ ಉಳಿದಿದ್ದುದು ಆ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಅಜ್ಜಿಯವರಿಗೆ ಎಂಬತ್ತು ತುಂಬಿ, ಕಣ್ಣು ಮಂಜಾಗಿ, ಟೆಲಿವಿಷನ್ನಿನ ಸಣ್ಣ ಚಿತ್ರವು ಕಾಣದಂತಾಗಿದ್ದುದರಿಂದ, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮೊಮ್ಮಗನು ಒಂದು ಪ್ರೊಜೆಕ್ಟರನ್ನು ತಂದು ಹಜಾರದ ಸೂರಿಗೆ ತೂಗುಹಾಕಿ, ಎದುರು ಗೋಡೆಗೆ ಬಿಳಿಯ ತೆರೆಯನ್ನು ಕಟ್ಟಿದನು. ತೆರೆಯ ಕೆಳಗಿನ ಗೂಡಿನಲ್ಲಿ ಹಳೆಯ ವಿ.ಸಿ.ಆರ್. ಯಂತ್ರವೂ ಅವನ ಲ್ಯಾಪ್‌ಟಾಪೂ ಇದ್ದುವು. ಅಲ್ಲಿಂದ ಪ್ರೊಜೆಕ್ಟರಿಗೆ ಹದಿನೈದು ಮೀಟರಿನ ಎರಡು ಕೇಬಲುಗಳು ಹೋಗಿದ್ದುವು: ವಿ.ಸಿ.ಆರ್.ಗೆ ಹಳದಿ ತಲೆಯದು, ಲ್ಯಾಪ್‌ಟಾಪಿಗೆ ಎಚ್.ಡಿ.ಎಂ.ಐ. ಮನೆಯ ಅಂದವು ಕೆಡದಿರಲೆಂದು ಎರಡನ್ನೂ ಅಡಿಗೆಯ ಮನೆಯ ವಿದ್ಯುತ್ತಿನ ತಂತಿಯಿದ್ದ ಕೇಸಿಂಗ್ ಪಟ್ಟಿಯೊಳಗೇ ತೂರಿಸಲಾಗಿತ್ತು.

ರಾಮನವಮಿಗೆ ಒಂದು ವಾರವಿರುವಾಗ ಕ್ಯಾಸೆಟ್ಟನ್ನು ಹಾಕಿ ನೋಡಿದರು. ಅಗಲವಾದ ಕರಿಯ ಪಟ್ಟಿಯೊಂದು ತೆರೆಯ ಕೆಳಗಿನಿಂದ ಮೆಲ್ಲಮೆಲ್ಲನೆ ಮೇಲಕ್ಕೆ ಏರುತ್ತ, ಗಮಕಿಗಳ ಮುಖವನ್ನು ಮಬ್ಬುಮಾಡಿ ದಾಟಿ, ಮತ್ತೆ ಕೆಳಗಿನಿಂದ ಹುಟ್ಟುತ್ತಿದ್ದಿತು. ಕಂಠದ ಹಿಂದೆ ತುಂಬಿಯ ಝೇಂಕಾರದಂಥ ಒಂದು ಮೊರೆತ. ಅದಲ್ಲದೆ ಲ್ಯಾಪ್‌ಟಾಪಿನ ಚಿತ್ರವು ಆಗಾಗ್ಗೆ ಎರಡು ನಿಮಿಷಕ್ಕೊಮ್ಮೆಯೋ ಅರ್ಧ ಗಂಟೆಗೊಮ್ಮೆಯೋ ಪೂರ್ತಿಯಾಗಿ ಮಾಯವಾಗಿ ಮರಳಿ ಬರುತ್ತಿದ್ದಿತು.

ಹಬ್ಬಕ್ಕೆಂದು ಬಂದ ಬಂಧುಗಳು ತಲೆಗೊಂದು ಚಿಕಿತ್ಸೆಯನ್ನು ಹೇಳಿದರು. ಮಾಲೂರಿನ ಸೋದರಮಾವನವರು, ಕ್ಯಾಸೆಟ್ಟಿಗೆ ಬೂಷ್ಟು ಹಿಡಿದಿದೆ, ಇನ್ನು ಅದರ ಆಸೆಯನ್ನು ಬಿಡತಕ್ಕದ್ದೆಂದರು. ಕೋಲಾರದ ಭಾವನವರು ಚಿನ್ನದ ಲೇಪವುಳ್ಳ ಬೆಲೆಯಾದ ಕೇಬಲನ್ನು ತರಿಸಬೇಕೆಂದರು. ಮುಳಬಾಗಿಲಿನ ಚಿಕ್ಕಪ್ಪನವರು, ಪ್ರೊಜೆಕ್ಟರಿನ ಪ್ಲಗ್ಗಿನ ಮೂರನೆಯ ಕಾಲನ್ನು ತೆಗೆದುಹಾಕಿದರೆ ಮೊರೆತವು ನಿಲ್ಲುವುದೆಂದು ಎಲ್ಲಿಯೋ ಕೇಳಿದ್ದರು. ಹುಡುಗನು ಇಕ್ಕಳವನ್ನು ಕೈಗೆತ್ತಿಕೊಂಡೂ ಆಗಿತ್ತು. ಅಷ್ಟರಲ್ಲಿ, ಲೈನ್‌ಮನ್ ಕೆಲಸದಿಂದ ನಿವೃತ್ತರಾಗಿ ಅದೇ ಬೀದಿಯಲ್ಲಿದ್ದ ಒಬ್ಬ ಹಿರಿಯರು ಬಂದರು.

"ನಿಲ್ಲಪ್ಪ," ಎಂದರು ಅವರು, "ಆ ಮೂರನೆಯ ಕಾಲು ಚಿತ್ರಕ್ಕಾಗಿ ಇರುವುದಲ್ಲ, ಜೀವಕ್ಕಾಗಿ ಇರುವುದು. ಒಳಗಿನ ತಂತಿ ಸುಟ್ಟು ತಗಡಿಗೆ ತಾಗಿದರೆ, ವಿದ್ಯುತ್ತು ಆ ಕಾಲಿನ ದಾರಿಯಲ್ಲಿ ಭೂಮಿಗೆ ಹೋಗುತ್ತದೆ. ಅದನ್ನು ಕಿತ್ತರೆ ಮುಟ್ಟಿದವರ ಮೈಯೇ ದಾರಿ."

ಹುಡುಗನು ಇಕ್ಕಳವನ್ನು ಕೆಳಗಿಟ್ಟನು. ಹಿರಿಯರು ಆ ಬಳಿಕ ಮಾಡಿದ ಪರೀಕ್ಷೆಯ ಕ್ರಮವು ಗಮನಾರ್ಹವಾದುದು. ಮೊದಲನೆಯದಾಗಿ ಅವರು ಕ್ಯಾಸೆಟ್ಟನ್ನು ಹೊರಗೆ ತೆಗೆಯಿಸಿದರು. ಹಳೆಯ ಪಟ್ಟಿಯು ಓಡಿದಷ್ಟೂ ಸವೆಯುವುದರಿಂದ, ರೋಗವು ಎಲ್ಲಿಯದೆಂದು ತಿಳಿಯುವ ಮುನ್ನ ಅದನ್ನು ಮತ್ತೆಮತ್ತೆ ಓಡಿಸುವುದು ಅವಿವೇಕ. ಕ್ಯಾಸೆಟ್ಟಿಲ್ಲದೆ ವಿ.ಸಿ.ಆರ್. ನೀಲಿಯ ತೆರೆಯೊಂದನ್ನು ತೋರಿಸಿತು. ಆ ನೀಲಿಯ ಮೇಲೆಯೂ ಕರಿಯ ಪಟ್ಟಿಯು ಏರುತ್ತಲೇ ಇದ್ದಿತು. ಕ್ಯಾಸೆಟ್ಟು ಇಲ್ಲದಿದ್ದರೂ ದೋಷವಿದ್ದುದರಿಂದ ಕ್ಯಾಸೆಟ್ಟು ದೋಷಕ್ಕೆ ಕಾರಣವಲ್ಲವೆಂದಾಯಿತು. ಅಜ್ಜಿಯವರು ಅಲ್ಲಿಯವರೆಗೆ ಹಿಡಿದುಕೊಂಡಿದ್ದ ಉಸಿರನ್ನು ಬಿಟ್ಟರು.

ಎರಡನೆಯದಾಗಿ ಕೇಬಲುಗಳನ್ನು ಕಳಚಿ ಪ್ರೊಜೆಕ್ಟರಿನ ಸ್ವಂತದ ಪಟ್ಟಿಕೆಯನ್ನು ಮಾತ್ರ ತೆರೆಯ ಮೇಲೆ ಮೂಡಿಸಿದರು. ಪಟ್ಟಿಯಿಲ್ಲ, ಪ್ರೊಜೆಕ್ಟರು ನಿರ್ದೋಷಿ. ಮೂರನೆಯದಾಗಿ ಹಳದಿ ಕೇಬಲನ್ನು ಪುನಃ ಜೋಡಿಸಿ, ವಿ.ಸಿ.ಆರ್.ನ ಬೆನ್ನಿಗೆ ಇನ್ನೂ ಏನೇನು ತಗಲಿಕೊಂಡಿದೆಯೆಂದು ನೋಡಿದರು. ಬೀದಿಯಿಂದ ಬಂದ ಕೇಬಲ್ ಟೀವಿಯ ಕರಿಯ ತಂತಿಯೊಂದು ಅಲ್ಲಿತ್ತು. ಸೆಟ್‌ಟಾಪ್ ಪೆಟ್ಟಿಗೆಗಳು ಬಂದ ಮೇಲೆ ವಿ.ಸಿ.ಆರ್.ಗೆ ಅದರಿಂದ ಯಾವ ಪ್ರಯೋಜನವೂ ಇರಲಿಲ್ಲ. ಆದರೂ ಹಿಂದಿನಿಂದ ಇದ್ದುದರಿಂದ ಯಾರೂ ಅದನ್ನು ಕಿತ್ತಿರಲಿಲ್ಲ. ಅದನ್ನು ತಿರುಪಿ ತೆಗೆದೊಡನೆಯೇ ಪಟ್ಟಿಯೂ ಮೊರೆತವೂ ಒಂದೇ ಸಲಕ್ಕೆ ನಿಂತುವು. ಮತ್ತೆ ಜೋಡಿಸಿದರು, ಮತ್ತೆ ಬಂದುವು. ಕಾಗೆ ಕೂತದ್ದಕ್ಕೂ ತಾಳೆಯ ಹಣ್ಣು ಬಿದ್ದದ್ದಕ್ಕೂ ಸಂಬಂಧವನ್ನು ಕಲ್ಪಿಸಿಬಿಡದೆ ಮೂರು ಸಲ ಹಾಗೆ ಮಾಡಿ ನೋಡಿದ ಮೇಲೆಯೇ ಅವರು ತೀರ್ಮಾನವನ್ನು ಹೇಳಿದರು.

ಅದರ ಸಂಪ್ರಾಪ್ತಿಯು ಹೀಗೆ. ಪ್ರೊಜೆಕ್ಟರು ತನ್ನ ಮೂರನೆಯ ಕಾಲಿನ ಮೂಲಕ ಮನೆಯ ಅರ್ತಿಂಗ್ ಗುಂಡಿಯನ್ನು ಮುಟ್ಟಿತ್ತು. ಟೀವಿ ತಂತಿಯ ಜಾಲರಿಯ ಹೊದಿಕೆಯು ಬೀದಿಯಲ್ಲಿ ಎಲ್ಲಿಯೋ ಭೂಮಿಯನ್ನು ಮುಟ್ಟಿತ್ತು. ಭೂಮಿಯು ಒಂದೇ ಆದರೂ ಎರಡು ಕಡೆಯಲ್ಲಿ ಅದರ ವಿದ್ಯುತ್ತಿನ ಮಟ್ಟವು ಒಂದೇ ಆಗಿರಬೇಕೆಂಬ ನಿಯಮವಿಲ್ಲ. ಎರಡು ಕೆರೆಗಳ ನೀರಿನ ಮಟ್ಟವು ಬೇರೆಬೇರೆಯಾಗಿರಲು ನಡುವೆ ಕಾಲುವೆ ತೋಡಿದರೆ ನೀರು ಹರಿಯುವಂತೆ, ಹಳದಿ ಕೇಬಲಿನ ಹೊದಿಕೆಯು ಕಾಲುವೆಯಾಗಿ ಅದರಲ್ಲಿ ವಿದ್ಯುತ್ತು ಹರಿಯತೊಡಗಿತು. ಮನೆಯ ವಿದ್ಯುತ್ತು ಸೆಕೆಂಡಿಗೆ 50 ಸಲ ಆವರ್ತಿಸುವುದು, ವಿ.ಸಿ.ಆರ್.ನ ಚಿತ್ರವೂ ಸೆಕೆಂಡಿಗೆ 50 ಸಲ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಬರೆಯಲ್ಪಡುವುದು. ಎರಡೂ ಸರಿಸಮವಾಗಿದ್ದರೆ ಪಟ್ಟಿಯು ಒಂದೆಡೆ ನಿಲ್ಲುತ್ತಿತ್ತು. ಕೂದಲೆಳೆಯಷ್ಟು ವ್ಯತ್ಯಾಸವಿರುವುದರಿಂದ ಮೆಲ್ಲನೆ ಏರುವುದು. ಕಿವಿಗೆ ಕೇಳಿಸಿದ ಮೊರೆತವೂ ಅದೇ ಆವರ್ತನೆಯ ಧ್ವನಿ.

"ಮಳೆಗಾಲದಲ್ಲಿ ಇಷ್ಟು ಇರಲಿಲ್ಲವಲ್ಲ, ಸ್ವಾಮಿ," ಎಂದಳು ಮನೆಯ ಸೊಸೆ. ಹಿರಿಯರು ಹಿತ್ತಿಲಿಗೆ ಹೋಗಿ ಗುಂಡಿಯನ್ನು ನೋಡಿದರು. ಕೋಲಾರ ಸೀಮೆಯ ಕೆಂಪು ಗರಸು ಮಣ್ಣು ಚೈತ್ರದ ಬಿಸಿಲಿಗೆ ಒಣಗಿ ಬಿರಿದಿದ್ದಿತು. ಒಣ ಮಣ್ಣು ವಿದ್ಯುತ್ತಿಗೆ ಸುಲಭವಾಗಿ ದಾರಿ ಕೊಡದು. ಗುಂಡಿಗೆ ಇದ್ದಿಲನ್ನೂ ಉಪ್ಪನ್ನೂ ತುಂಬಿ ನೀರೆರೆಯುವ ಪದ್ಧತಿಯು ಇದಕ್ಕಾಗಿಯೇ ಬಂದುದು. ಚಿತ್ರವು ಸರಿಹೋಯಿತೆಂದು ಗುಂಡಿಯನ್ನು ಹಾಗೆಯೇ ಬಿಡಕೂಡದೆಂದೂ, ಮನೆಯವರ ಜೀವದ ಕಾವಲಿಗೆ ಅದನ್ನು ಹೊಸದಾಗಿ ಮಾಡಿಸಬೇಕೆಂದೂ ಅವರು ಹೇಳಿದರು. ತೆರೆಯ ಮೇಲಿನ ಪಟ್ಟಿಯು ಒಂದು ವಿಧದಲ್ಲಿ ಉಪಕಾರವನ್ನೇ ಮಾಡಿತ್ತು. ಪೂರ್ವರೂಪವಾಗಿ ಬಂದು ದೊಡ್ಡ ರೋಗವನ್ನು ಮುಂಚಿತವಾಗಿ ತಿಳಿಸಿತ್ತು.

ಉಳಿದುದು ಎಚ್.ಡಿ.ಎಂ.ಐ. ಚಿತ್ರವು ಮಾಯವಾಗುವ ಬಾಧೆ. ಎರಡು ದೋಷಗಳೂ ಒಟ್ಟಿಗೆ ಕಂಡಿದ್ದರಿಂದ ಕಾರಣವೂ ಒಂದೇ ಎಂದು ಮನೆಯವರು ನಂಬಿದ್ದರು. ಟೀವಿ ತಂತಿಯನ್ನು ತೆಗೆದರೂ ಇದು ನಿಲ್ಲದಿರಲು, ಇದು ಬೇರೆಯೇ ರೋಗವೆಂದಾಯಿತು. ಮಾಯವಾಗುವ ವೇಳೆಯನ್ನು ಸೊಸೆಯೇ ಮೊದಲು ಗುರುತಿಸಿದಳು: ಅಡಿಗೆಯ ಮನೆಯಲ್ಲಿ ಮಿಕ್ಸಿ ತಿರುಗಿದಾಗ, ಇಲ್ಲವೆ ಒಲೆ ಹೊತ್ತಿಸಿದಾಗ. ಮಿಕ್ಸಿಯು ವಿದ್ಯುತ್ತನ್ನು ಎಳೆದುಕೊಳ್ಳುವುದರಿಂದ ಹೀಗಾಗುವುದೆಂದೂ, ಸ್ಟೆಬಿಲೈಜರು ಬೇಕೆಂದೂ ಭಾವನವರು ವಾದಿಸಿದರು. ಹಿರಿಯರು ಗ್ಯಾಸ್ ಲೈಟರನ್ನು ತರಿಸಿ, ಕೇಬಲಿನ ಹತ್ತಿರ ಒಂದು ಸಲ ಕ್ಲಿಕ್ಕೆನ್ನಿಸಿದರು. ತೆರೆಯು ಕತ್ತಲಾಗಿ ಎರಡು ಕ್ಷಣಗಳ ಮೇಲೆ ಮರಳಿತು. ಲೈಟರಿಗೆ ಯಾವ ತಂತಿಯೂ ಇಲ್ಲವಷ್ಟೆ? ಅದರ ಕಿಡಿಯ ಗಲಭೆಯು ಗಾಳಿಯ ದಾರಿಯಲ್ಲಿಯೇ ಬಂದಿತೆಂಬುದು ನಿಸ್ಸಂದೇಹವಾಯಿತು. ಮಿಕ್ಸಿಯ ಮೋಟಾರಿನೊಳಗೆ ಸಿಡಿಯುವ ಕಿಡಿಗಳೂ ಅದೇ ಜಾತಿಯವು. ಗಾಳಿಯಲ್ಲಿ ಬರುವ ರೋಗಕ್ಕೆ ಸ್ಟೆಬಿಲೈಜರು ಔಷಧವಲ್ಲ.

ಹಳದಿ ಕೇಬಲಿನಲ್ಲಿ ಗಲಭೆಯು ಹೆಚ್ಚಿದಂತೆ ಚಿತ್ರವು ಸ್ವಲ್ಪಸ್ವಲ್ಪವಾಗಿ ಕೆಡುವುದು. ಎಚ್.ಡಿ.ಎಂ.ಐ. ಹಾಗಲ್ಲ. 2002ರಲ್ಲಿ ಪ್ರಕಟವಾದ ಈ ವಿಧಾನದಲ್ಲಿ ಚಿತ್ರವು ಅಂಕಿಗಳಾಗಿ ಹರಿಯುವುದು; ಅಂಕಿಯು ತಿಳಿದಷ್ಟು ಹೊತ್ತು ಚಿತ್ರವು ನಿರ್ಮಲ, ತಿಳಿಯದಾದರೆ ಚಿತ್ರವೇ ಇಲ್ಲ. ನಡುವೆ ಒಂದಿಷ್ಟು ಮಿಣುಕುಗಳು ಕಾಣಿಸಿಕೊಳ್ಳಬಹುದು. ಕೇಬಲು ಉದ್ದವಾದಷ್ಟೂ ಅಂಕಿಗಳು ಕ್ಷೀಣಿಸಿ, ಸಣ್ಣ ಗಲಭೆಯೂ ಅವುಗಳನ್ನು ಮುಳುಗಿಸಬಲ್ಲುದಾಗುವುದು. ಹದಿನೈದು ಮೀಟರಿನ ತೆಳುವಾದ ತಾಮ್ರದ ಕೇಬಲು ಆ ಅಂಚಿನಲ್ಲಿಯೇ ನಿಂತಿದ್ದಿತು. ಚಿನ್ನದ ಲೇಪವು ತುದಿಗೆ ಕಿಲುಬು ಹಿಡಿಯದಂತೆ ಕಾಯುವುದೇ ಹೊರತು ಉದ್ದದ ದೋಷವನ್ನು ಕಳೆಯಲಾರದು. ಲ್ಯಾಪ್‌ಟಾಪಿನ ಚಿತ್ರದ ಸೂಕ್ಷ್ಮತೆಯನ್ನು ಒಂದು ಮೆಟ್ಟಲು ಇಳಿಸಿ ನೋಡಿದಾಗ ಲೈಟರಿಗೆ ತೆರೆಯು ಕತ್ತಲಾಗಲಿಲ್ಲ. ಉಪಶಯದಿಂದ ರೋಗವು ನಿಶ್ಚಿತವಾಯಿತು. ಕೇಬಲನ್ನು ಕೇಸಿಂಗ್ ಪಟ್ಟಿಯಿಂದ ಹೊರತೆಗೆದು ವಿದ್ಯುತ್ತಿನ ತಂತಿಯಿಂದ ಒಂದು ಮೊಳ ದೂರದಲ್ಲಿ ಹಾಯಿಸಿ, ದಾಟಲೇಬೇಕಾದ ಕಡೆಯಲ್ಲಿ ಜತೆಯಾಗಿ ಓಡಿಸದೆ ಅಡ್ಡಲಾಗಿ ದಾಟಿಸಿದರು. ಮುಂದೆ ಬೇಕೆನಿಸಿದರೆ, ಬೆಳಕಿನ ಮೂಲಕ ಚಿತ್ರವನ್ನು ಒಯ್ಯುವ ಗಾಜಿನ ಎಳೆಯ ಕೇಬಲನ್ನು ತರಿಸಬಹುದೆಂದು ತಿಳಿಸಿದರು. ಅದಕ್ಕೆ ತಲೆ ಬಾಲಗಳುಂಟು. ಯಾವ ತುದಿಯು ಪ್ರೊಜೆಕ್ಟರಿಗೆಂದು ಗುರುತು ನೋಡಿ ಹಾಕತಕ್ಕದ್ದು.

ರಾಮನವಮಿಯ ಸಂಜೆ ಕ್ಯಾಸೆಟ್ಟನ್ನು ಒಂದೇ ಒಂದು ಸಲ ಓಡಿಸಿದರು. ಓಡುತ್ತಿರುವಾಗಲೇ ಅದರ ಪ್ರತಿಯು ಲ್ಯಾಪ್‌ಟಾಪಿನಲ್ಲಿ ಇಳಿಯುವಂತೆ ಮೊಮ್ಮಗನು ಏರ್ಪಾಡು ಮಾಡಿದ್ದನು. ಪಟ್ಟಿಯಿರಲಿಲ್ಲ, ಮೊರೆತವಿರಲಿಲ್ಲ. ಅಲ್ಲಲ್ಲಿ ಬಿಳಿಯ ಗೀರುಗಳು ಹಾರುತ್ತಿದ್ದುವು. ಅವು ಮಾತ್ರ ಕ್ಯಾಸೆಟ್ಟಿನ ವಯಸ್ಸಿನವು.

"ಆ ಗೀರುಗಳನ್ನೂ ತೆಗೆಯಬಹುದು, ಅಜ್ಜಿ," ಎಂದನು ಹುಡುಗ.

"ಇರಲಿ ಬಿಡಪ್ಪ," ಎಂದರು ಅಜ್ಜಿಯವರು. "ನಿಮ್ಮ ತಾತನ ದನಿ ಅವರ ದನಿಯ ಹಾಗೆಯೇ ಇದೆ. ಅಷ್ಟು ಸಾಕು."

ಮಾಲೂರಿನ ಸೋದರಮಾವನವರು ತಮಗೂ ಒಂದು ಪ್ರತಿ ಬೇಕೆಂದು ಕೇಳಿ ಪಡೆದರು. ಬಿಸುಡಬೇಕೆಂದವರು ಅವರೇ ಎಂಬುದನ್ನು ಯಾರೂ ನೆನಪಿಸಲಿಲ್ಲ. ಅರ್ತಿಂಗ್ ಗುಂಡಿಯು ಆ ತಿಂಗಳಲ್ಲಿಯೇ ಹೊಸದಾಯಿತು. ನೀರಿಗೆ ಬರವಿರುವ ಊರಾದರೂ, ತುಳಸಿಗೆ ನೀರೆರೆದು ಬರುವಾಗ ಆ ಗುಂಡಿಗೂ ಒಂದು ಬಿಂದಿಗೆ ಸುರಿಯುವುದು ಆ ಮನೆಯಲ್ಲಿ ಬೇಸಗೆಯ ನಿಯಮವಾಗಿದೆ.