ತೀರ್ವೆಯ ಡಬ್ಬಿ

ಪರದೇಶದಿಂದ ಗಂಟುಮೂಟೆ ಕಟ್ಟಿಕೊಂಡು ಊರಿಗೆ ಮರಳುವವರಿಗೆ ಉಪದೇಶ ಹೇಳುವವರಿಗೇನೂ ಬರವಿಲ್ಲ. ಫ್ರಿಜ್ಜು ಅಲ್ಲೇ ಮಾರಿಬಿಡಿ, ಕಂಬಳಿ ಮಾತ್ರ ತನ್ನಿ, ಖರ್ಜೂರ ಹೆಚ್ಚೇ ಇರಲಿ, ನೆಂಟರು ಬಹಳ. ನಾವು ಇಪ್ಪತ್ತೇಳು ವರ್ಷ ಮಸ್ಕತ್ತಿನಲ್ಲಿದ್ದು 2023ರ ಮೇ ತಿಂಗಳಿನಲ್ಲಿ ಉಡುಪಿ ಜಿಲ್ಲೆಯ ನಮ್ಮ ಸಣ್ಣ ಪೇಟೆಗೆ ಬಂದಿಳಿದಾಗ ನನ್ನ ಕಿವಿಯಲ್ಲಿ ಇಂಥ ಉಪದೇಶಗಳು ತುಂಬಿ ತುಳುಕುತ್ತಿದ್ದವು. ಆದರೆ "ನಿಮ್ಮ ಮನೆಯ ತೆರಿಗೆ ಯಾರು ಕಟ್ಟುತ್ತಿದ್ದಾರೆ?" ಎಂದು ಒಬ್ಬರೂ ಕೇಳಿರಲಿಲ್ಲ. ನಾನೂ ನನ್ನನ್ನು ಕೇಳಿಕೊಂಡಿರಲಿಲ್ಲ.

ಹಾಗೆ ನೋಡಿದರೆ ಅದು ನನ್ನದೇ ಮನೆ. ಐದು ಸೆಂಟ್ಸ್ ಜಾಗವನ್ನು ಅಪ್ಪ 1997ರ ಜುಲೈ ರಜೆಯಲ್ಲಿ ನಾನು ಊರಿಗೆ ಬಂದಿದ್ದಾಗ ನನ್ನ ಹೆಸರಿಗೆ ದಾನಪತ್ರ ಮಾಡಿಕೊಟ್ಟಿದ್ದರು. ಆ ಪತ್ರದಲ್ಲಿ ಇನ್ನೂ ದಕ್ಷಿಣ ಕನ್ನಡ ಜಿಲ್ಲೆ ಎಂದೇ ಇದೆ. ಮರುತಿಂಗಳು ಉಡುಪಿ ಬೇರೆ ಜಿಲ್ಲೆಯಾಯಿತು. ಮಗಳಿಗೆ ಜಾಗ ಕೊಟ್ಟದ್ದನ್ನು ನೋಡಿ ಊರಿನ ಕೆಲವರು ಹುಬ್ಬೇರಿಸಿದ್ದರು. ತಮ್ಮ ಮಾತ್ರ ಒಂದು ಮಾತೂ ಆಡದೆ ಸಾಕ್ಷಿಗೆ ಸಹಿ ಹಾಕಿದ್ದ. ಎರಡು ವರ್ಷ ನನ್ನ ಮಾಸ್ತರಿಕೆಯ ಸಂಬಳ ಕೂಡಿಟ್ಟು, ಸಾಲದ್ದಕ್ಕೆ ನಾಲ್ಕು ಬಳೆ ಅಡವಿಟ್ಟು, 1999ರಲ್ಲಿ ಎರಡು ಕೋಣೆಯ ಮನೆ ಕಟ್ಟಿಸಿದೆ. ಗೃಹಪ್ರವೇಶದ ಮರುವಾರ ಬೀಗ ಹಾಕಿ, ಕೀಲಿಕೈಯನ್ನು ತಮ್ಮನ ಕೈಗಿಟ್ಟು ವಿಮಾನ ಹತ್ತಿದೆ. ಹೊರಡುವಾಗ ಅಮ್ಮ ಗೇಟಿನ ಹತ್ತಿರ ಕೇಳಿದ್ದಳು: "ತೀರ್ವೆ ಕಟ್ಟುವುದು ಯಾರು?" ನಮ್ಮ ಕಡೆ ಹಿಂದಿನವರಿಗೆ ಎಲ್ಲ ತೆರಿಗೆಯೂ ತೀರ್ವೆಯೇ, ಗದ್ದೆಯದ್ದೂ, ಮನೆಯದ್ದೂ. "ಅವನು ಇದ್ದಾನಲ್ಲ" ಎಂದೆ. ಅಷ್ಟೇ. ಇಪ್ಪತ್ತನಾಲ್ಕು ವರ್ಷಕ್ಕೆ ಆ ಎರಡು ಶಬ್ದಗಳೇ ನನ್ನ ವ್ಯವಸ್ಥೆ.

ಮಸ್ಕತ್ತಿನಲ್ಲಿ ನಾವಿದ್ದಷ್ಟು ಕಾಲ ಸಂಬಳಕ್ಕೆ ತೆರಿಗೆ ಇರಲಿಲ್ಲ. ರೂವಿಯ ಬಾಡಿಗೆ ಮನೆಗೆ ತಿಂಗಳ ಬಾಡಿಗೆ ಕೊಟ್ಟರೆ ಮುಗಿಯಿತು. ತೆರಿಗೆ ಎಂಬ ಶಬ್ದವೇ ನನ್ನ ಸಂಸಾರದ ನಿಘಂಟಿನಿಂದ ಉದುರಿಹೋಗಿತ್ತು. ಪರದೇಶದಲ್ಲಿದ್ದವರಿಗೆ ಊರಿನ ಮನೆಯ ತೆರಿಗೆಯಲ್ಲಿ ರಿಯಾಯಿತಿ ಇದೆಯೇನೋ, ಬೀಗ ಹಾಕಿದ ಮನೆಗೆ ತೆರಿಗೆ ಇಲ್ಲವೇನೋ ಎಂದೆಲ್ಲ ನಮ್ಮ ಕೆಲವು ಗೆಳತಿಯರು ನಂಬಿದ್ದರು. ಹಾಗೇನೂ ಇಲ್ಲ. ಮನೆಯಲ್ಲಿ ದೀಪ ಹಚ್ಚಿದರೂ ಹಚ್ಚದಿದ್ದರೂ, ಯಜಮಾನಿ ಅಡುಗೆಮನೆಯಲ್ಲಿದ್ದರೂ ಅರಬ್ಬಿ ಸಮುದ್ರದಾಚೆ ಇದ್ದರೂ, ಏಪ್ರಿಲ್ ಬಂದಾಗ ತೆರಿಗೆಯೂ ಬರುತ್ತದೆ.

ನಾವು ಬಂದ ಮೇಲೂ ಎರಡು ವರ್ಷ ತಮ್ಮನೇ ಕಟ್ಟಿದ. ನಾನು ಊರಲ್ಲಿಯೇ, ಅದೂ ಪುರಸಭೆಯಿಂದ ಹತ್ತು ನಿಮಿಷದ ದಾರಿಯಲ್ಲಿಯೇ ಇದ್ದೆ ಎಂಬುದು ನಮ್ಮಿಬ್ಬರಿಗೂ ಹೊಳೆಯಲೇ ಇಲ್ಲ. ಅಭ್ಯಾಸವೆಂದರೆ ಹೀಗೆ ನೋಡಿ.

2024ರ ಕೊನೆಯಲ್ಲಿ ಎಲ್ಲರ ಬಾಯಲ್ಲೂ ಇ-ಖಾತೆಯದ್ದೇ ಮಾತು. ಅದಿಲ್ಲದೆ ಆಸ್ತಿಯ ಯಾವ ಪತ್ರವೂ ನೋಂದಣಿಯಾಗದು ಎಂದು ಬೆಂಗಳೂರಿನಲ್ಲಿರುವ ಮಗ ದಿನಾ ಫೋನು ಮಾಡತೊಡಗಿದ. ನಾನು ತಮ್ಮನ ಮನೆಗೆ ಹೋಗಿ ಕಾಗದಪತ್ರ ಕೇಳಿದೆ. ಅವನು ಅಟ್ಟದಿಂದ ಒಂದು ತಗಡಿನ ಡಬ್ಬಿ ಇಳಿಸಿದ. ಯಾವುದೋ ರಜೆಯಲ್ಲಿ ನಾನೇ ಅವನ ಮಕ್ಕಳಿಗೆ ತಂದುಕೊಟ್ಟಿದ್ದ ಬಿಸ್ಕತ್ತಿನ ಡಬ್ಬಿ ಅದು. ಮುಚ್ಚಳ ತೆರೆದರೆ ಒಳಗೆ ರಬ್ಬರ್ ಹಾಕಿ ಕಟ್ಟಿದ ರಸೀದಿಗಳು, ವರ್ಷಕ್ಕೊಂದರಂತೆ, ಒಂದೂ ತಪ್ಪದೆ.

ಆ ರಾತ್ರಿ ಅವನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ಕೂತೆ. ಹಳೆಯವು ಕಾರ್ಬನ್ ಇಟ್ಟು ಕೈಯಲ್ಲಿ ಬರೆದವು, ಈಚಿನವು ಕಂಪ್ಯೂಟರಿನವು. ಎಲ್ಲದರಲ್ಲೂ ನನ್ನದೇ ಹೆಸರು, ಹಿಂದೆ ಶ್ರೀಮತಿ ಎಂದು. ಶಾಲೆಯ ಹಾಜರಿಪುಸ್ತಕ, ಪಾಸ್‌ಪೋರ್ಟು ಬಿಟ್ಟರೆ ನನ್ನ ಹೆಸರು ಇಷ್ಟು ಸಲ ಇನ್ನೆಲ್ಲೂ ಬರೆದಿರಲಿಕ್ಕಿಲ್ಲ. ಬಹುತೇಕ ರಸೀದಿಗಳು ಏಪ್ರಿಲ್ ತಿಂಗಳಿನವು. ಏಪ್ರಿಲಿನಲ್ಲೇ ಪೂರ್ತಿ ಕಟ್ಟಿದರೆ ನೂರಕ್ಕೆ 5 ರಿಯಾಯಿತಿ. ಮೇ, ಜೂನಿನಲ್ಲಿ ಕಟ್ಟಿದರೆ ಇದ್ದಷ್ಟು. ಜುಲೈಗೆ ಜಾರಿದರೆ ತಿಂಗಳಿಗೆ ನೂರಕ್ಕೆ 2ರಂತೆ ದಂಡ. ತಮ್ಮ ನನಗೆ ಪ್ರತಿ ವರ್ಷ ಆ ಐದನ್ನು ಉಳಿಸಿಕೊಟ್ಟಿದ್ದ. 2016ರದ್ದು ಮಾತ್ರ ಜುಲೈ ತಿಂಗಳಿನದು, ದಂಡದ ಸಮೇತ. ಆ ವರ್ಷ ಬೇಸಿಗೆಯಲ್ಲಿ ಅಮ್ಮ ಹೋದಳು.

ತೆರಿಗೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಇನ್ನಷ್ಟು ಕರಗಳಿದ್ದವು. ಆರೋಗ್ಯ ಕರ 15, ಗ್ರಂಥಾಲಯ ಕರ 6, ಭಿಕ್ಷುಕರ ಕರ 3; ಎಲ್ಲವೂ ತೆರಿಗೆಯ ಮೇಲೆ ನೂರಕ್ಕೆ ಇಷ್ಟು ಎಂಬ ಲೆಕ್ಕ. ನಾನು ಕಾಲಿಡದ ಊರಿನ ಗ್ರಂಥಾಲಯಕ್ಕೆ ಇಪ್ಪತ್ತೈದು ವರ್ಷ ಚಂದಾ ಕೊಟ್ಟಂತಾಗಿತ್ತು. ಮರುದಿನವೇ ಹೋಗಿ ಸದಸ್ಯಳಾದೆ ಎನ್ನುವುದು ಬೇರೆ ಮಾತು.

ಪುರಸಭೆಯಲ್ಲಿ ನನ್ನ ಕಡತ ನೋಡಿದವಳು ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನ ಒಬ್ಬ ಹುಡುಗಿ. ಮನೆಯ ಫೋಟೋವನ್ನೂ ಹಿಂದಿನ ಘೋಷಣೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಿ ಮೆಲ್ಲನೆ ಕೇಳಿದಳು: "ಮೇಡಂ, ಎದುರಿಗೆ ಅಂಗಡಿ ಕೋಣೆ ಕಾಣುತ್ತಿದೆಯಲ್ಲ? ಘೋಷಣೆಯಲ್ಲಿ ಬರೀ ವಾಸದ ಮನೆ ಅಂತ ಉಂಟು."

ಅವಳು ಹೇಳಿದ್ದು ಸರಿ. ಮನೆಯ ಮೂಲೆಯಲ್ಲಿ ರಸ್ತೆಗೆ ಮುಖಮಾಡಿ ನೂರಹತ್ತು ಚದರಡಿಯ ಒಂದು ಕೋಣೆಯಿದೆ. 2009ರಲ್ಲಿ ತಮ್ಮ ಕಟ್ಟಿಸಿದ್ದು. "ಬೀಗ ಹಾಕಿದ ಮನೆಯೆದುರು ಜನ ಓಡಾಡಿದರೆ ಒಳ್ಳೆಯದು ಅಕ್ಕ, ಒಬ್ಬರು ಬಟ್ಟೆ ಹೊಲಿಯುವವರು ಕೇಳ್ತಿದ್ದಾರೆ" ಎಂದು ಫೋನಿನಲ್ಲಿ ಹೇಳಿದ್ದ. ನಾನು ಪರೀಕ್ಷೆಯ ಉತ್ತರಪತ್ರಿಕೆ ತಿದ್ದುತ್ತಾ "ನಿನಗೆ ಸರಿ ಕಂಡಂತೆ ಮಾಡು" ಎಂದಿದ್ದೆ. ಈ ಶತಮಾನದ ಆರಂಭದಿಂದ ನಮ್ಮ ಪೇಟೆಗಳಲ್ಲಿ ತೆರಿಗೆಯನ್ನು ಆಸ್ತಿಯವರೇ ಲೆಕ್ಕ ಹಾಕಿ ಘೋಷಿಸುವ ಪದ್ಧತಿ. ಎಷ್ಟು ಚದರಡಿ ಕಟ್ಟಡ, ಏತಕ್ಕೆ ಬಳಸುತ್ತೀರಿ ಎಂದು ನಾವೇ ಬರೆದುಕೊಡಬೇಕು. ವಾಸಕ್ಕೆ ಒಂದು ದರ, ವ್ಯಾಪಾರಕ್ಕೆ ಅದಕ್ಕಿಂತ ಹೆಚ್ಚಿನ ದರ. ತಮ್ಮ ಪ್ರತಿವರ್ಷ ಹಿಂದಿನ ವರ್ಷದ್ದನ್ನೇ ನೋಡಿ ತುಂಬಿ, ನನ್ನ ಹೆಸರಿನ ಕೆಳಗೆ 'ಪರವಾಗಿ' ಎಂದು ಬರೆದು ಸಹಿ ಹಾಕಿದ್ದ. ಹಾಕಿದ ಸಹಿ ಅವನದು, ಆದರೆ ಘೋಷಣೆ ನನ್ನದು.

ದೂರದ ಸಂಬಂಧದ ಹುಡುಗಿಯೊಬ್ಬಳು ಆಡಿಟರ್. ಅವಳ ಹತ್ತಿರ ಹೋದೆ. ಅವಳು ಮೊದಲು ಹೇಳಿದ್ದು ನಾನು ತಿಳಿದುಕೊಂಡದ್ದಕ್ಕೆ ತದ್ವಿರುದ್ಧ. "ಚಿಕ್ಕಮ್ಮ, ಖಾತೆ ಎಂದರೆ ಹಕ್ಕುಪತ್ರ ಅಲ್ಲ. ತೆರಿಗೆ ಯಾರು ಕಟ್ಟಬೇಕು ಅಂತ ಇರುವ ದಾಖಲೆ. ನಿಮ್ಮ ಹಕ್ಕು ಇರುವುದು ಅಜ್ಜ ಬರೆದುಕೊಟ್ಟ ದಾನಪತ್ರದಲ್ಲಿ. ಹಾಗಂತ ಖಾತೆ ಬಿಟ್ಟರೂ ಆಗುವುದಿಲ್ಲ." ಆಮೇಲೆ ಕೇಳಿದಳು, "ಅಂಗಡಿಯ ಬಾಡಿಗೆ ಯಾರ ಕೈಗೆ ಬರುತ್ತದೆ?"

"ತಮ್ಮನ ಕೈಗೆ. ಅವನೇ ಮನೆ ನೋಡಿಕೊಳ್ಳುವುದಲ್ಲವಾ?"

"ಯಾರ ಕೈಗೆ ಬಂದರೂ ಮನೆ ನಿಮ್ಮದಾದ್ದರಿಂದ ಆದಾಯ ನಿಮ್ಮದೇ" ಎಂದಳು. ಅಷ್ಟೇ ಅಲ್ಲ, ನಾನು ಪರದೇಶವಾಸಿಯಾಗಿದ್ದ ವರ್ಷಗಳಲ್ಲಿ ಬಾಡಿಗೆ ಕೊಡುವವರೇ ನೂರಕ್ಕೆ 30, ಅದರ ಮೇಲೆ ಸೆಸ್ಸು ಸೇರಿಸಿ ತೆರಿಗೆ ಮುರಿದು ಸರಕಾರಕ್ಕೆ ಕಟ್ಟಿ, ಉಳಿದದ್ದನ್ನು ನನಗೆ ಕೊಡಬೇಕಿತ್ತಂತೆ. ರವಿಕೆಯ ಕಂಕುಳು ಹೊಲಿಯುತ್ತಾ ಕೂತ ಆ ಹೆಂಗಸು ಆದಾಯ ತೆರಿಗೆ ಮುರಿದುಕೊಳ್ಳುವ ಚಿತ್ರ ಕಣ್ಣಿಗೆ ಬಂದು, ಹೆದರಿಕೆಯ ನಡುವೆಯೂ ನಗು ಬಂತು. ಆಡಿಟರ್ ಹುಡುಗಿ ಲೆಕ್ಕ ಹಾಕಿದಳು. ಬಾಡಿಗೆಯಲ್ಲಿ ನಾವು ಆ ವರ್ಷ ನಿಜವಾಗಿ ಕಟ್ಟಿದ ಪುರಸಭೆಯ ತೆರಿಗೆಯನ್ನು ಕಳೆಯಬಹುದು. ಉಳಿದದ್ದರಲ್ಲಿ ದುರಸ್ತಿ ಇತ್ಯಾದಿಗೆಂದು ನೂರಕ್ಕೆ 30 ಬಿಡುತ್ತಾರೆ. ಊರಿನಲ್ಲಿ ನನಗೆ ಬೇರೆ ಆದಾಯವಿಲ್ಲದ್ದರಿಂದ ಅದು ತೆರಿಗೆಯ ಮಿತಿಯ ಎಷ್ಟೋ ಕೆಳಗಿತ್ತು. "ಹೊರಗಿನಿಂದ ಬಂದವರಿಗೆ ಮೊದಲ ಒಂದೆರಡು ವರ್ಷ ಅಲ್ಲಿಯ ಬ್ಯಾಂಕಿನ ಬಡ್ಡಿಗೆ ಇಲ್ಲಿ ತೆರಿಗೆ ಬರುವುದಿಲ್ಲ, ಎಷ್ಟು ವರ್ಷ ಹೊರಗಿದ್ದಿರಿ ಎನ್ನುವುದರ ಮೇಲೆ ಅದು. ಆದರೆ ಇಲ್ಲಿಯ ಬಾಡಿಗೆಗೆ ಆ ಸವಲತ್ತು ಇಲ್ಲ. ಇನ್ನು ಮುಂದೆ ಬರೆದಿಡಿ" ಎಂದಳು.

ಬರೆದಿಡಲು ಲೆಕ್ಕ ಬೇಕಲ್ಲ. ಸೀದಾ ತಮ್ಮನ ಮನೆಗೆ ಹೋದೆ. ಅವನು ಅಂಗಳದಲ್ಲಿ ಅಡಿಕೆ ಹೆಕ್ಕುತ್ತಿದ್ದ. ಅಂಗಡಿಯ ಸಂಗತಿ, ಕಟ್ಟಬೇಕಾದ ಬಾಕಿ ಎಲ್ಲ ಹೇಳಿ, "ಇಷ್ಟು ವರ್ಷದ ಬಾಡಿಗೆ ಎಷ್ಟಾಯ್ತು ಅಂತ ಒಂದು ಚೀಟಿಯಲ್ಲಿ ಬರೆದುಕೊಡು ಮಾರಾಯ" ಎಂದೆ. ಮಾಸ್ತರಿಣಿಯ ಧ್ವನಿಯಲ್ಲಿಯೇ ಹೇಳಿದೆನೋ ಏನೋ. ಅವನ ಕೈ ನಿಂತಿತು. "ನನ್ನ ಹತ್ತಿರ ಲೆಕ್ಕ ಕೇಳುವುದಾ ಅಕ್ಕ?" ಎಂದ. ಮತ್ತೆ ತಲೆಯೆತ್ತಲಿಲ್ಲ.

ಅದಾದ ಮೇಲೆ ಮೂರು ವಾರ ಅವನು ನಮ್ಮ ಮನೆಯ ಕಡೆ ಬರಲಿಲ್ಲ. ದಿನಾ ಸಂಜೆ ಹಾಲು ತರುವವನು ಮಗನ ಕೈಯಲ್ಲಿ ಕಳಿಸಿದ. ನಾನೂ ಬಿಗುಮಾನದಲ್ಲಿದ್ದೆ. ನಾನು ಕೇಳಿದ್ದರಲ್ಲಿ ತಪ್ಪೇನು? ಕಾನೂನಿನ ಮಾತು ತಾನೆ? ಇವರೂ "ನೀನು ಹೇಳಿದ್ದು ಸರಿ" ಎಂದರು. ಆದರೆ ಸರಿ ಇರುವವರಿಗೆ ರಾತ್ರಿ ನಿದ್ದೆ ಬರಬೇಕಿತ್ತಲ್ಲ, ನನಗೆ ಬರುತ್ತಿರಲಿಲ್ಲ. ಹಾಗೇ ಸುಮ್ಮನಿದ್ದುಬಿಟ್ಟರೆ ಏನು ಎಂದೂ ಅನ್ನಿಸಿತು. ಆ ಕೋಣೆಯನ್ನು ಮನೆಯ ಚಾವಡಿಯೆಂದು ಬರೆದುಕೊಟ್ಟರೆ ಯಾರು ಬಂದು ನೋಡುತ್ತಾರೆ? ಬಹಳ ಮಂದಿ ಹಾಗೇ ಮಾಡುತ್ತಾರಂತೆ. ಆದರೆ ಇಷ್ಟು ವರ್ಷ ತಿಳಿಯದೆ ನಡೆದದ್ದು ಬೇರೆ, ತಿಳಿದ ಮೇಲೆ ನನ್ನ ಕೈಯಾರೆ ಸಹಿ ಹಾಕುವುದು ಬೇರೆ. ಮಕ್ಕಳಿಗೆ ಕಾಪಿ ಹೊಡೆಯಬೇಡಿ ಎಂದು ಬೆತ್ತ ತೋರಿಸಿದ ಕೈ ಇದು.

ನಾಲ್ಕನೆಯ ವಾರ ನಾದಿನಿ ಬಂದಳು, ಸೆರಗಿನೊಳಗೆ ಒಂದು ಉದ್ದ ಪಟ್ಟಿಪುಸ್ತಕ. "ಅತ್ತಿಗೆ, ಅವರಿಗೆ ಬೇಜಾರಾದದ್ದು ಅಂಗಡಿಯ ಸುದ್ದಿಗಲ್ಲ. ನೀವು ಚೀಟಿಯಲ್ಲಿ ಬರೆದುಕೊಡು ಅಂದಿರಿ. ಅವರು ಪುಸ್ತಕದಲ್ಲೇ ಬರೆದಿಟ್ಟಿದ್ದರು. ನೀವು ಒಂದು ಸಲವೂ ಕೇಳಲಿಲ್ಲ, ಕೇಳಿದ ದಿನ ಹೀಗೆ ಕೇಳಿದಿರಿ."

ಪುಸ್ತಕ ಬಿಡಿಸಿದೆ. ಎಡಗಡೆ ಬಾಡಿಗೆ, ಮೊದಲು ಎಂಟುನೂರು, ಬರುಬರುತ್ತಾ ಎರಡೂವರೆ ಸಾವಿರ. ಬಲಗಡೆ ಖರ್ಚು. ಬಾವಿ ಕೆಸರು ತೆಗೆದದ್ದು, ಹೆಂಚು ಬದಲಿಸಿದ್ದು, ಮಳೆಗಾಲದ ಮೊದಲು ಮಾಡಿಗೆ ಶೀಟು, ಮನೆ ತೆರಿಗೆ. 2014ರಿಂದ ಎರಡು ವರ್ಷ ಬಲಗಡೆ ಒಂದೇ ಸಾಲು ಮತ್ತೆ ಮತ್ತೆ: 'ಅಮ್ಮನ ಮದ್ದು.' ನಾನು ಮಸ್ಕತ್ತಿನಿಂದ ಹಣ ಕಳಿಸಲೇ ಎಂದಾಗೆಲ್ಲ "ಬೇಡ ಅಕ್ಕ, ಇಲ್ಲಿ ಆಗ್ತದೆ" ಎನ್ನುತ್ತಿದ್ದ. ಅಮ್ಮನ ಮದ್ದಿನಲ್ಲಿ ನನ್ನದೂ ಪಾಲಿತ್ತು ಎಂದು ನನಗೆ ಗೊತ್ತಿರಲಿಲ್ಲ. ನನಗೆ ಹೇಳದೆಯೇ ಅವನು ಮಗಳ ಕರ್ತವ್ಯವೊಂದನ್ನು ನನ್ನ ಹೆಸರಿನಲ್ಲಿ ಕಟ್ಟಿಬಿಟ್ಟಿದ್ದ, 'ಪರವಾಗಿ.' ಎರಡು ಕಡೆಯ ಮೊತ್ತ ಕೂಡಿಸಿದರೆ ಬಲಗಡೆಯದೇ ಹೆಚ್ಚು. ಹೆಚ್ಚಾದದ್ದನ್ನು ಎಲ್ಲಿಂದ ತಂದ ಎಂದು ಅದರಲ್ಲಿ ಬರೆದಿರಲಿಲ್ಲ.

ನಾದಿನಿಯ ಜತೆಯಲ್ಲೇ ಹೊರಟೆ. ಅವನು ಜಗಲಿಯಲ್ಲಿ ಕೂತಿದ್ದ. ನಾನು ಏನೇನೋ ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡಿದ್ದೆ. ಬಾಯಿಗೆ ಬಂದದ್ದು "ನಾಳೆ ಪುರಸಭೆಗೆ ನನ್ನ ಒಟ್ಟಿಗೆ ಬರ್ತೀಯಾ? ನನಗೆ ಅಲ್ಲಿ ಯಾರೂ ಗೊತ್ತಿಲ್ಲ" ಎಂಬುದಿಷ್ಟೇ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹತ್ತು ಗಂಟೆಗೆ ಹೋದರೆ ಆಗಲಿಕ್ಕಿಲ್ಲ, ಹನ್ನೊಂದಕ್ಕೆ ಹೋಗುವ" ಎಂದ.

ಅಂಗಡಿಯ ಕೋಣೆ ಘೋಷಣೆಯೊಳಗೆ ಸೇರಿತು. ಬಾಕಿ, ಅದರ ದಂಡ ಎಲ್ಲ ಸೇರಿದರೂ ಒಂದು ಸಲ ಮಸ್ಕತ್ತಿಗೆ ಹೋಗಿಬರುವ ವಿಮಾನದ ಟಿಕೇಟಿಗಿಂತ ಕಡಿಮೆಯೇ ಆಯಿತು. ಅಷ್ಟಕ್ಕೆ ಇಪ್ಪತ್ತೊಂದು ದಿನ ಮಾತು ಬಿಟ್ಟಿದ್ದೆವು. ಇ-ಖಾತೆಯೂ ಕೈಗೆ ಬಂತು, ನನ್ನ ಫೋಟೋ ಸಮೇತ. ಪಟ್ಟಿಪುಸ್ತಕದ ಬಲಗಡೆಯ ಹೆಚ್ಚಿನ ಹಣವನ್ನು ಕೊಡಹೋದರೆ ತಮ್ಮ ತೆಗೆದುಕೊಳ್ಳಲಿಲ್ಲ. ಆ ಬಾಕಿ ಹಾಗೇ ಇದೆ. ಅದಕ್ಕೆ ತಿಂಗಳಿಗೆ ಎಷ್ಟು ದಂಡವೋ ಗೊತ್ತಿಲ್ಲ.

ಹೊರದೇಶದಲ್ಲಿರುವ, ಇಂದೋ ನಾಳೆಯೋ ಮರಳಲಿರುವ ತಂಗಿಯಂದಿರಿಗೆ ನನ್ನದೂ ಒಂದು ಉಪದೇಶ ಇರಲಿ. ಫ್ರಿಜ್ಜು ಮಾರಿ, ಬಿಡಿ. ಊರಲ್ಲಿ ನಿಮ್ಮ ಹೆಸರಿನಲ್ಲಿ ಏನಿದೆ, ಅದರ ಮೇಲೆ ಯಾರು ಏನು ಬರೆದುಕೊಡುತ್ತಿದ್ದಾರೆ ಎಂದು ರಜೆಗೆ ಬಂದಾಗಲೇ ಒಮ್ಮೆ ಕೂತು ನೋಡಿ. ನಂಬಿಕೆಯಿಲ್ಲವೆಂದಲ್ಲ. ನಂಬಿಕೆಯ ಭಾರವನ್ನೆಲ್ಲ ಒಬ್ಬನ ಹೆಗಲ ಮೇಲೆಯೇ ಬಿಡಬಾರದಲ್ಲ, ಅದಕ್ಕೆ. ವರ್ಷವರ್ಷ ಕೇಳಿದರೆ ಅದು ವಿಚಾರಿಸಿಕೊಂಡಂತೆ. ಇಪ್ಪತ್ತೈದು ವರ್ಷ ಬಿಟ್ಟು ಕೇಳಿದರೆ ವಿಚಾರಣೆ.

2025ರ ಏಪ್ರಿಲಿನಲ್ಲಿ ಮೊದಲ ಸಲ ನನ್ನ ಮನೆಯ ತೀರ್ವೆಯನ್ನು ನಾನೇ ಕಟ್ಟಿದೆ, ನನ್ನ ಸಹಿ ಹಾಕಿ. ಐದರ ರಿಯಾಯಿತಿಯಲ್ಲಿ ಉಳಿದ ಹಣಕ್ಕೆ ಬರುವಾಗ ಪೇಟೆಯಲ್ಲಿ ನಾದಿನಿಗೆ ಒಂದು ಚೆಂಡು ಶಂಕರಪುರ ಮಲ್ಲಿಗೆ ತಂದೆ. ರಸೀದಿಯನ್ನು ಮಡಚಿ ಬಿಸ್ಕತ್ತಿನ ಡಬ್ಬಿಗೆ ಹಾಕಿದೆ. ಡಬ್ಬಿ ಮಾತ್ರ ಈಗಲೂ ತಮ್ಮನ ಅಟ್ಟದಲ್ಲಿಯೇ ಇದೆ. ನಮ್ಮ ಮನೆಯಲ್ಲಿ ಗೆದ್ದಲು ಜಾಸ್ತಿ ಎಂದು ಅವನಿಗೆ ಹೇಳಿದ್ದೇನೆ.