ನಾನು ತೋರಿಸದ ಖೋಲಿ

ಬಳಿಚಕ್ರದ ಬಾಲ್ಯದ ಗೆಳೆಯನೂ ಅವನ ಪತ್ನಿಯೂ ಪ್ರವಾಸಿ ತಂಡದೊಡನೆ ದುಬೈಗೆ ಬಂದಾಗ, ಊರು ತೋರಿಸುವ ಹೊಣೆ ಸಹಜವಾಗಿಯೇ ನನ್ನದಾಯಿತು. 828 ಮೀಟರ್ ಎತ್ತರದ ಬುರ್ಜ್ ಖಲೀಫಾದ ಬುಡದಲ್ಲಿ ನಿಂತು, ನಾನೇ ಕಟ್ಟಿಸಿದವನಂತೆ ವಿವರಿಸಿದೆ. ಗೆಳೆಯ ಕತ್ತೆತ್ತಿ ನೋಡಿ, "ಯಾದಗಿರಿ ಕೋಟಿ ಗುಡ್ಡ ಇದರ ಮುಂದ ಮರಿ ಆತಲ್ಲೋ" ಎಂದು ನಕ್ಕ. ಅಬ್ರಾ ದೋಣಿಯಲ್ಲಿ ಕ್ರೀಕ್ ದಾಟುವಾಗ ಅವನಿಗೆ ಭೀಮಾನದಿ ನೆನಪಾಯಿತು.

ಔದ್ ಮೇಥಾದ ಸಂತ ಮರಿಯಮ್ಮನವರ ದೇವಾಲಯಕ್ಕೂ ಕರೆದೊಯ್ದೆ. ಅದರ ನೆಲವನ್ನು ದಾನವಾಗಿ ಕೊಟ್ಟವರು ಅಂದಿನ ಅರಸ ಶೇಖ್ ರಾಶಿದ್. ಮೊದಲ ದೇವಾಲಯ ಸಿದ್ಧವಾದದ್ದು 1967ರಲ್ಲಿ. 2021ರವರೆಗೆ ಇಲ್ಲಿ ವಾರದ ರಜೆ ಶುಕ್ರವಾರ. ಭಾನುವಾರ ದುಡಿಯುವ ನಾವು ಶುಕ್ರವಾರವೇ ಬಲಿಪೂಜೆಗೆ ನೆರೆಯುತ್ತಿದ್ದೆವೆಂದಾಗ ಅವರಿಬ್ಬರೂ ಬೆರಗಾದರು.

ಹೊರಬರುತ್ತಲೇ ಗೆಳೆಯನ ಪತ್ನಿ, "ಅಣ್ಣಾ, ಎಲ್ಲಾ ತೋರ್ಸಿದ್ರಿ, ನೀವಿರೋ ಖೋಲಿ ತೋರ್ಸಲಿಲ್ಲ. ನಿಮ್ಮವ್ವ ಕೇಳಿದ್ರ ಏನ್ ಹೇಳ್ಲಿ?" ಎಂದಳು. ನಾನು ತಡವರಿಸಿದೆ. ನನಗೊಂದು ಪ್ರತ್ಯೇಕ ಕೋಣೆಯಿದೆಯೆಂದು ಅವ್ವನಿಗೆ ವರ್ಷಗಟ್ಟಲೆ ಹೇಳುತ್ತ ಬಂದಿದ್ದೆ. ಇದ್ದದ್ದು ಆರು ಜನರ ಖೋಲಿ, ಒಂದರ ಮೇಲೊಂದು ಕಬ್ಬಿಣದ ಮಂಚ.

ಕೊನೆಗೆ ಕರೆದೊಯ್ದೆ. ಗೆಳೆಯ ಏನನ್ನೂ ಕೇಳದೆ ಕೆಳಮಂಚದ ಮೇಲೆ ಕುಳಿತು, ಅವ್ವ ಕಳುಹಿಸಿದ್ದ ಗಂಟು ಬಿಚ್ಚಿದ. ಕಟಕ್ ಜೋಳದ ರೊಟ್ಟಿ, ಶೇಂಗಾ ಹಿಂಡಿ. ನೇಪಾಳದ ಹುಡುಗನೂ ಪೇಶಾವರದ ಚಾಚಾನೂ ಕೈನೀಡಿದರು. "ನಿಂದು ಯಾವ್ದೋ?" ಎಂದ ಗೆಳೆಯ. ಮೇಲಿನ ಮಂಚ ತೋರಿಸಿದೆ.

"ಅವ್ವಗ ನಾ ಏನೂ ಹೇಳಂಗಿಲ್ಲ ಬಿಡು" ಎಂದ, ತಲೆ ತಗ್ಗಿಸಿ.

ಆ ರಾತ್ರಿ ಅವ್ವನಿಗೆ ನಾನೇ ಫೋನು ಮಾಡಿದೆ.